ಬೋರ್ಡು ಹಸಿರು, ಅಂಗಿಗೆ ಗುಂಡಿ ಇಲ್ಲ

ನೂರಕ್ಕೆ ನೂರು ಮುಗಿದ ಕೆಲಸ ಹೇಗಿರುತ್ತದೆ ಎಂದು ಕಣ್ಣಾರೆ ನೋಡಲು ಮೊನ್ನೆ ಖಾನಾಪುರಕ್ಕೆ ಹೋಗಿದ್ದೆ. ಪಡಸಾಲೆಯ ತುಂಬ ಬಿಳಿ ಅಂಗಿಗಳ ರಾಶಿ. ಒಂದಕ್ಕೂ ಗುಂಡಿ ಇರಲಿಲ್ಲ.

ಮೊದಲಿನಿಂದ ಹೇಳುತ್ತೇನೆ.

ನಮ್ಮಕ್ಕ ಶೈಲಾ ಶಹಾಪುರದಲ್ಲಿ ಹೊಲಿಗೆ ಯೂನಿಟ್ ನಡೆಸುತ್ತಾಳೆ. (ಯೂನಿಟ್ ಎಂದರೆ ಭಾರಿ ಏನಲ್ಲ. ಹಿಂದೆ ಮಗ್ಗ ಇದ್ದ ಕೋಣೆಯಲ್ಲಿ ಈಗ ಹೊಲಿಗೆ ಮಷಿನ್‌ಗಳಿವೆ, ಅಷ್ಟೆ.) ಇಷ್ಟು ವರ್ಷ ಓಣಿಯವರ ಬ್ಲೌಸು, ಸೀರೆಗೆ ಫಾಲು ಎಂದೇ ಕಳೆದವಳಿಗೆ ಈ ಸಲ ಒಂದು ಶಾಲೆಯ ಯೂನಿಫಾರ್ಮ್ ಆರ್ಡರ್ ಸಿಕ್ಕಿತು. ಜೀವನದಲ್ಲಿ ಮೊದಲ ದೊಡ್ಡ ಆರ್ಡರ್. ಶಾಲೆ ಶುರುವಾಗುವ ದಿನಕ್ಕೆ ಅಂಗಿ ಮುಟ್ಟಿದರೆ ಮುಂದಿನ ವರ್ಷವೂ ಅವಳಿಗೇ. ತಪ್ಪಿದರೆ ಮತ್ತೆ ಬ್ಲೌಸು, ಮತ್ತೆ ಫಾಲು.

ಬಟ್ಟೆ ಕತ್ತರಿಸುವುದು, ಹೊಲಿಯುವುದು ಶಹಾಪುರದಲ್ಲಿ. ಕಾಜಾ ಮಾಡಿ, ಗುಂಡಿ ಹಚ್ಚಿ, ಇಸ್ತ್ರಿ ಮಾಡುವುದು ಖಾನಾಪುರದಲ್ಲಿ ರುಕ್ಮಾಬಾಯಿ ಮತ್ತು ಅವರ ಗೆಳತಿಯರು. ಗಂಟು ಬಸ್ಸಿನಲ್ಲಿ ಹೋಗುತ್ತದೆ, ಬಸ್ಸಿನಲ್ಲಿ ಬರುತ್ತದೆ. ನಡುವೆ ಅಕ್ಕನ ಫೋನು.

"ಎಲ್ಲಿಗಿ ಬಂತ್ರಿ ರುಕ್ಮಾಬಾಯಿ?"

"ಆಗಾಕತ್ತೈತ್ರಿ ಅಕ್ಕಾರ."

ದಿನಾ ಇದೇ ಮಾತು. ಆಗುತ್ತಿರುವುದು ಏನು, ಎಷ್ಟು? ಯಾರಿಗೆ ಗೊತ್ತು! ಆಗ ಬುದ್ಧಿವಂತಳಾದ ನಾನು ನಡುವೆ ಬಾಯಿ ಹಾಕಿದೆ.

ನಾನು ಮನೆಯಲ್ಲೇ ಕುಳಿತು ಒಂದು ಕಂಪನಿಗೆ ಪುಟವಿನ್ಯಾಸ ಮಾಡಿಕೊಡುತ್ತೇನೆ. ನಮ್ಮ ಟೀಮಿನವರು ಒಬ್ಬೊಬ್ಬರು ಒಂದೊಂದು ಊರಿನಲ್ಲಿದ್ದಾರೆ. ನಮ್ಮನ್ನೆಲ್ಲ ಕಟ್ಟಿಹಾಕಿರುವುದು ಬ್ರೌಸರಿನಲ್ಲಿ ತೆರೆಯುವ ಒಂದು ಬೋರ್ಡು. ಒಂದೊಂದು ಕೆಲಸಕ್ಕೆ ಒಂದೊಂದು ಕಾರ್ಡು. ಮಾಡಬೇಕಾದದ್ದು ಒಂದು ಸಾಲಿನಲ್ಲಿ, ಮಾಡುತ್ತಿರುವುದು ನಡುವಿನ ಸಾಲಿನಲ್ಲಿ, ಮುಗಿದದ್ದು ಕೊನೆಯ ಸಾಲಿನಲ್ಲಿ. ಬೆರಳಿನಿಂದ ಕಾರ್ಡನ್ನು ಎಳೆದು ಮುಂದಕ್ಕೆ ಬಿಟ್ಟರೆ ಆಯಿತು. ಮುಗಿದ ಕಾರ್ಡು ಹಸಿರಾಗುತ್ತದೆ. ಫೋನ್ ಮಾಡಿ ಯಾರ ಪ್ರಾಣವನ್ನೂ ತಿನ್ನಬೇಕಾಗಿಲ್ಲ.

ಅಕ್ಕನಿಗೂ ಅಂಥದ್ದೇ ಒಂದು ಬೋರ್ಡು ಮಾಡಿಕೊಟ್ಟೆ. ಹೆಸರುಗಳನ್ನು ಮಾತ್ರ ನಮ್ಮ ಭಾಷೆಯಲ್ಲಿ ಇಟ್ಟೆ. 'ಮಾಡೂದೈತಿ', 'ಮಾಡಾಕತ್ತೇವಿ', 'ಆತು'. ಖಾನಾಪುರದ ಹೆಂಗಸರ ಮೊಬೈಲಿಗೆ ಲಿಂಕ್ ಕಳಿಸಿದೆ. ಅವರು ಒಂದು ಮಧ್ಯಾಹ್ನದಲ್ಲಿ ಕಲಿತುಬಿಟ್ಟರು.

ಆಮೇಲೆ ನೋಡಬೇಕಿತ್ತು ಅಕ್ಕನ ಸಂಭ್ರಮ! ಬೆಳಿಗ್ಗೆ ಎದ್ದು ಚಹಾದ ಕಪ್ಪಿನ ಜೊತೆಗೇ ಮೊಬೈಲ್ ಹಿಡಿಯುತ್ತಿದ್ದಳು. ನನಗೆ ಫೋನ್ ಬರುತ್ತಿತ್ತು. "ತಂಗೀ, ನೋಡಿದೇನ? ಮತ್ತೊಂದ ಹಸರಾತು!"

ನನಗೆ ಮಾತ್ರ ಒಂದು ವಿಷಯ ಕೊರೆಯುತ್ತಿತ್ತು. ನಡುವಿನ ಸಾಲು ಯಾವಾಗಲೂ ಖಾಲಿ. ಕಾರ್ಡುಗಳು 'ಮಾಡೂದೈತಿ'ಯಿಂದ ನೇರ 'ಆತು'ಗೆ ಹಾರುತ್ತಿದ್ದವು. ನಮ್ಮ ಟೀಮಿನ ಬೋರ್ಡಿನಲ್ಲಿ ನಡುವಿನ ಸಾಲೇ ತುಂಬಿ ತುಳುಕುತ್ತಿರುತ್ತದೆ. (ಒಂದೇ ಕೆಲಸವನ್ನು ತಿಂಗಳುಗಟ್ಟಲೆ 'ಮಾಡುತ್ತಲೇ ಇರುವ' ಕಲೆಯಲ್ಲಿ ನಾವು ಪಳಗಿದ್ದೇವೆ.) ಹಾಗಾದರೆ ಇವರು ಮಾಡುವುದು ಯಾವಾಗ? ಇಷ್ಟು ಸರಸರ ಹೇಗೆ? ಕುತೂಹಲ ತಡೆಯಲಾಗಲಿಲ್ಲ. ಖಾನಾಪುರದ ಬಸ್ಸು ನಮ್ಮ ಪೀರನವಾಡಿಯ ಮೇಲೆಯೇ ಹೋಗುತ್ತದೆ. ಹತ್ತಿ ಕುಳಿತೆ.

"ಬರ್ರಿ ಸಣ್ಣಕ್ಕಾರ, ಕುಂದರ್ರಿ. ಚಾ ಇಡ್ತೇನಿ" ಅಂದರು ರುಕ್ಮಾಬಾಯಿ. ಪಡಸಾಲೆಯ ರಾಶಿಯಿಂದ ನಾನು ಒಂದು ಅಂಗಿ ಎತ್ತಿಕೊಂಡೆ. ಕಾಜಾ ಎಷ್ಟು ನೀಟಾಗಿತ್ತೆಂದರೆ, ಮುಟ್ಟಿ ನೋಡಬೇಕು ಅನಿಸಿತು. ಎದುರಿನ ಪಟ್ಟಿ ಮಾತ್ರ ಬೋಳು.

"ಗುಂಡಿ ಎಲ್ಲಿ ರುಕ್ಮಾಬಾಯಿ?"

"ಹಚ್ತೇವ್ರಿ."

"ಬೋರ್ಡಿನ್ಯಾಗ ಆತು ಅಂತ ಹಾಕೀರಲ್ಲ?"

"ಹೂಂರಿ."

"ಆದ್ರ ಆಗಿಲ್ಲ."

"ಆಗಿಲ್ರಿ."

ಅವರ ಮುಖದಲ್ಲಿ ಸುಳ್ಳು ಸಿಕ್ಕಿಬಿದ್ದ ಕಳೆಯೇ ಇಲ್ಲ! ಚಹಾ ಸೋಸುತ್ತ ಸಮಾಧಾನದಿಂದ ಹೇಳಿದರು: "ಅಕ್ಕಾರು ಮುಂಜಾನೆದ್ದು ಮೊದಲ ಅದನ್ನ ನೋಡ್ತಾರಂತ. ಆಗಿಲ್ಲ ಅಂತ ಹೆಂಗ ಹಾಕೂದ್ರಿ? ಮನಸಿಗಿ ಬ್ಯಾಸರ ಆಗೂದಿಲ್ಲೇನು? ನಾವು ಮಾಡೋರ ಅದೇವಲ್ಲ, ಮತ್ತೇನು?"

ಅವರ ಪಾಲಿಗೆ ಆ ಹಸಿರು ಕಾರ್ಡು ಅಕ್ಕನಿಗೆ ಕೊಟ್ಟ ಮಾತು. ಕೈಗೆ ತೊಗೊಂಡಿದ್ದೇವೆ, ನೀವು ನಿಶ್ಚಿಂತೆಯಿಂದ ಚಹಾ ಕುಡಿಯಿರಿ ಎಂಬ ಮರ್ಯಾದೆ.

"ಅದಿರ್ಲಿ. ಗುಂಡಿ ಯಾಕ ಹಚ್ಚಿಲ್ಲ?"

ಈಗ ರುಕ್ಮಾಬಾಯಿ, ಸುತ್ತ ಕುಳಿತಿದ್ದ ಗೆಳತಿಯರು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರುಕ್ಮಾಬಾಯಿ ಮರಾಠಿಯಲ್ಲಿ "ತೂಚ ಸಾಂಗ ಗ" (ನೀನೇ ಹೇಳೇ) ಎಂದು, ಹೇಳುವ ಕಷ್ಟವನ್ನು ಪಕ್ಕದ ಶಾಂತಾಳ ಮೇಲೆ ಹಾಕಿದರು. ಶಾಂತಾ ಮೊಬೈಲ್ ತೆರೆದು ನನ್ನ ಮುಂದೆ ಹಿಡಿದಳು. ಒಂದು ಹಸಿರು ಕಾರ್ಡು. 'ಗುಂಡಿ ಕಳಿಸೂದು.' ಮಾಡುವವರು: ಶೈಲಾ. ಆತು.

"ಗುಂಡಿನ ಬಂದಿಲ್ರಿ. ಆದ್ರ ಅಕ್ಕಾರು ಆತು ಅಂತ ಹಾಕ್ಯಾರ. ಬಂದಿಲ್ಲ ಅಂದ್ರ ಅವರ ಮಾತ ಸುಳ್ಳ ಮಾಡಿದಂಗ ಆಗ್ತೈತಿ. ಬಸ್ಸಿನ್ಯಾಗ ಬರಾಕತ್ತಿರಬೇಕು ಅಂತ ದಾರಿ ಕಾಯಾಕತ್ತೇವಿ."

ಅಲ್ಲೇ ನಿಂತು ಅಕ್ಕನಿಗೆ ಫೋನ್ ಹಚ್ಚಿದೆ. ಗುಂಡಿ ಕಳಿಸಿದ್ದೀಯಾ?

"ಅಂಗಡ್ಯಾವಗ ಹೇಳೇನಲ್ಲ! ಅವ 'ಆತು ಅನ್ರೀ, ಇವತ್ತ ಕಳಸ್ತೇನಿ' ಅಂದ. ಅದಕ್ಕ ನಾನೂ ಆತು ಅಂತ ಹಾಕಿನಿ."

ಈಗ ಹೇಳಿ, ಇದರಲ್ಲಿ ಸುಳ್ಳು ಹೇಳಿದವರು ಯಾರು? ಅಂಗಡಿಯವನಿಗೆ ಅಕ್ಕನ ಮನಸ್ಸು ನೋಯಿಸುವುದು ಬೇಡವಾಗಿತ್ತು. ಅಕ್ಕನಿಗೆ ಖಾನಾಪುರದವರನ್ನು ಚಿಂತೆಗೆ ಹಚ್ಚುವುದು ಬೇಡವಾಗಿತ್ತು. ಖಾನಾಪುರದವರಿಗೆ ಅಕ್ಕನ ಚಹಾ ಕೆಡಿಸುವುದು ಬೇಡವಾಗಿತ್ತು. ಎಲ್ಲರೂ ಒಳ್ಳೆಯವರೇ. ಅಂಗಿಗೆ ಮಾತ್ರ ಗುಂಡಿ ಇಲ್ಲ.

ನಾವೆಲ್ಲ ಹೀಗೇ ಅಲ್ಲವೇ? ಮನೆಯಲ್ಲಿ ಸೋಪು ಹಚ್ಚಿಕೊಳ್ಳುತ್ತ "ದಾರ್‍ಯಾಗ ಅದೇನ್ರಿ" ಎನ್ನುತ್ತೇವೆ. ಹೋಗುವ ಮನಸ್ಸಿಲ್ಲದ ಮದುವೆಗೆ "ಬಂದ ಬರ್ತೇವಿ ಬಿಡ್ರಿ" ಎನ್ನುತ್ತೇವೆ. ಈ ಬೋರ್ಡು ಕಂಡುಹಿಡಿದ ಪುಣ್ಯಾತ್ಮರ ಊರಿನಲ್ಲಿ ಜನ ಎದುರಿಗೇ "ಆಗಿಲ್ಲ" ಎಂದು ಹೇಳಿ, ಆಮೇಲೆ ಒಟ್ಟಿಗೆ ಕುಳಿತು ಊಟ ಮಾಡುತ್ತಾರೋ ಏನೋ. ನನಗಂತೂ ಒಮ್ಮೆ ಹೋಗಿ ನೋಡುವ ಆಸೆ.

ಅಕ್ಕ ಅಂದು ಫೋನಿನಲ್ಲೇ ಅತ್ತಳು. ಶಾಲೆ ಶುರುವಾಗಲು ವಾರವಷ್ಟೇ ಉಳಿದಿತ್ತು. "ಆ ಹಾಳ ಬೋರ್ಡ ತಗದ ಒಗಿ. ನನ್ನ ಮರ್ಯಾದಿ ಹೋಗೂದೈತಿ" ಅಂದಳು. ಆ ಹಸಿರು ತೋರಿಸಿ ಅವಳನ್ನು ನಿಶ್ಚಿಂತೆಯಾಗಿ ಕೂರಿಸಿದವಳು ನಾನೇ ತಾನೇ?

ಮರುದಿನ ಅವಳೇ ಅಂಗಡಿಗೆ ಹೋಗಿ ನಿಂತು ಗುಂಡಿ ಕಟ್ಟಿಸಿಕೊಂಡಳು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದಳು. ಪೀರನವಾಡಿಯಲ್ಲಿ ನಾನೂ ಸೇರಿಕೊಂಡೆ. ದಾರಿಯಲ್ಲಿ ಬೋರ್ಡಿಗೆ ನಾಲ್ಕನೆಯ ಸಾಲೊಂದನ್ನು ಸೇರಿಸಿ, 'ಅಡಚಣಿ' ಎಂದು ಹೆಸರಿಟ್ಟೆ.

ರುಕ್ಮಾಬಾಯಿಯ ಪಡಸಾಲೆಯಲ್ಲಿ ಎಲ್ಲರಿಗೂ ತೋರಿಸಿದೆ. "ಏನರ ಅಡ್ಡ ಬಂದ್ರ ಇಲ್ಲಿ ಹಾಕ್ರಿ." ಎಲ್ಲರೂ ತಲೆಯಾಡಿಸಿದರು. ಒಬ್ಬರೂ ಏನೂ ಹಾಕಲಿಲ್ಲ. ಅಡಚಣೆಯೇ? ನಮಗೆಲ್ಲಿಯದು?

ಆಗ ಅಕ್ಕ ನನ್ನ ಕೈಯಿಂದ ಮೊಬೈಲ್ ತೆಗೆದುಕೊಂಡು, ಒಂದೊಂದೇ ಅಕ್ಷರ ಒತ್ತಿದಳು. 'ಗುಂಡಿ ಕಳಿಸಿದ್ದಿಲ್ಲ. ಕಳಿಸೀನಿ ಅಂತ ಹಾಕಿದ್ದೆ. ತಪ್ಪು ನಂದು. ಶೈಲಾ.'

"ಅಯ್ಯ, ಹಂಗ ಬರೀಬ್ಯಾಡ್ರಿ ಅಕ್ಕಾರ! ತಗೀರಿ ಅದನ್ನ!" ಎಂದು ಹೆಂಗಸರು ಗಾಬರಿಯಾದರು. ಅಕ್ಕ ತೆಗೆಯಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲೇ ಮೊಬೈಲ್ ಟಿಂಗ್ ಎಂದಿತು. 'ಕರೆಂಟ್ ಇಲ್ಲ, ಇಸ್ತ್ರಿ ನಿಂತೈತಿ.' ಸ್ವಲ್ಪ ಹೊತ್ತಿಗೆ ಇನ್ನೊಂದು. 'ಮನ್ಯಾಗ ಬೀಗರು ಬಂದಾರ. ಇವತ್ತ ಕಡಿಮಿ ಆಗ್ತೈತಿ.' ಆಮೇಲೆ ರುಕ್ಮಾಬಾಯಿಯದು: 'ಬಿಳಿ ಬಟ್ಟಿಗಿ ಬಿಳಿ ನೂಲು. ಸಂಜಿಕ ಕಣ್ಣಿಗಿ ಕಾಣವಲ್ದು.'

ಅಕ್ಕ ಅದನ್ನು ಮತ್ತೆ ಮತ್ತೆ ಓದಿದಳು. "ಇಷ್ಟ ದಿನ ಒಂದ ಮಾತ ಹೇಳಲಿಲ್ಲ ನೋಡ" ಅಂದಳು. ಫೋನ್ ಮಾಡಿ ಇಸ್ತ್ರಿಯನ್ನು ರುಕ್ಮಾಬಾಯಿಗೆ, ಅವರ ಗುಂಡಿಯ ಕೆಲಸವನ್ನು ಶಾಂತಾಗೆ ಬದಲಿಸಿದಳು.

ಶಾಲೆ ಶುರುವಾಗುವ ಹಿಂದಿನ ದಿನ ನಾನು ಶಹಾಪುರದಲ್ಲೇ ಇದ್ದೆ. ಶಾಲೆಯ ಆಫೀಸಿನಿಂದ ಕ್ಲಾರ್ಕರ ಫೋನ್ ಬಂತು. ಅಕ್ಕ ಸ್ಪೀಕರ್ ಹಾಕಿದಳು. "ಮೇಡಮ್ಮಾರ, ಎಲ್ಲಾ ರೆಡಿ ಅಲ್ರಿ?"

'ಹೂಂ' ಅವಳ ನಾಲಿಗೆಯ ತುದಿಗೆ ಬಂದದ್ದು ನನಗೆ ಕಾಣಿಸಿತು. ಆದರೆ ಅವಳು ಅದನ್ನು ನುಂಗಿಕೊಂಡಳು.

"ಇಲ್ರಿ ಸರ. ಐದನೇ ಕ್ಲಾಸ ತನಕ ರೆಡಿ ಅದಾವು. ಆರು, ಏಳನೇದು ಇನ್ನಾ ನಾಕ ದಿನ ಹಿಡಿತೈತಿ."

ಹೋಯಿತು ಆರ್ಡರ್, ಅಂದುಕೊಂಡೆ.

"ಹೇಳಿದ್ದು ಛಲೋ ಆತ್ರಿ" ಎಂದರು ಕ್ಲಾರ್ಕ್. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಬೂಟಿನವ ಆತು ಅಂತಾನ, ಪುಸ್ತಕದವ ಆತು ಅಂತಾನ, ಇಲ್ಲಿ ನೋಡಿದ್ರ ಏನೂ ಬಂದಿಲ್ಲ. ನಿಮ್ಮದೊಂದು ಲೆಕ್ಕಕ್ಕ ಹಿಡೀಬಹುದು. ಸಣ್ಣ ಹುಡುಗರದು ಇವತ್ತ ಕಳಸ್ರಿ. ದೊಡ್ಡ ಹುಡುಗರಿಗಿ ನಾನು ಹೇಳ್ತೇನಿ. ಮುಂದಿನ ವರ್ಷ ಸ್ವಲ್ಪ ಮೊದಲ ಶುರು ಮಾಡೂಣು."

ಮುಂದಿನ ವರ್ಷ! ಅಕ್ಕ ಫೋನ್ ಕೆಳಗಿಟ್ಟಳು. ಸಣ್ಣ ಹುಡುಗರ ಅಂಗಿಗಳನ್ನು ಗಂಟು ಕಟ್ಟತೊಡಗಿದಳು.

ಅಲ್ಲ, 'ಇಲ್ಲ' ಅಂದವರನ್ನೇ ಇಷ್ಟು ನಂಬುವ ನಾವು, ಆ ಒಂದು 'ಇಲ್ಲ' ಹೇಳಲು ಇಷ್ಟೊಂದು ಹೆದರುವುದು ಯಾಕೆ?