ತಡಿ, ಮಾರಿ ತೊಳ್ಕೊಂಡು ಬರ್ತೀನಿ

ನಮ್ಮ ಕಡೆ ಯಾವ ಊರಿಗೆ ಬೇಕಾದರೂ ಹೋಗಿ, ಯಾರ ಮುಂದಾದರೂ ಫೋನು ಎತ್ತಿ ಹಿಡಿದು ನೋಡ್ರಿ. ಎದುರಿಗಿದ್ದವರ ಬಾಯಿಂದ ಬರೋ ಮೊದಲ ಮಾತು ಒಂದೇ: “ತಡಿ, ಮಾರಿ ತೊಳ್ಕೊಂಡು ಬರ್ತೀನಿ.” ಮುಖ ತೊಳೆಯದೆ ನಮ್ಮ ಮಂದಿ ಫೋಟೋಕ್ಕೆ ನಿಲ್ಲೋದಿಲ್ಲ. ತೊಗರಿ ಹೊಲದಾಗ ಕಳೆ ಕೀಳೋಳೂ ಅಷ್ಟೇ, ಕೋಡ್ಲಾದ ಸಿಮೆಂಟ್ ಲಾರಿ ಹೊಡೆಯೋನೂ ಅಷ್ಟೇ. ಈ ಒಂದು ಮಾತು ಕೇಳಿದರೆ ದೇವಿಕಾಗೆ ಮೈಯೆಲ್ಲ ಉರಿಯುತ್ತಿತ್ತು.

ದೇವಿಕಾ ಗುಂಡಗುರ್ತಿಯವಳು. ತಾಯಿ ಪೀರಮ್ಮ ಎಮ್ಮೆ ಸಾಕಿ, ಮನೆ ಮನೆಗೆ ಹಾಲು ಹಾಕಿ ಮಗಳನ್ನು ಬಿ.ಎ. ಓದಿಸಿದಳು. ಮಗಳು ಚಿತ್ತಾಪುರದ ಒಂದು ಸಣ್ಣ ಕೇಬಲ್ ಚಾನೆಲ್‌ನಲ್ಲಿ ಕೆಲವು ವರ್ಷ ಸುದ್ದಿ ಓದಿದಳು. ಚಾನೆಲ್ ಮುಚ್ಚಿದ ಮೇಲೆ ಕೈಯಲ್ಲಿ ಉಳಿದದ್ದು ಒಂದು ಫೋನು, ಮತ್ತೆ ಎಲ್ಲಿ ಬೇಕಾದಲ್ಲಿ ನುಗ್ಗುವ ಧೈರ್ಯ. ಈಗ ವಾಡಿಯಲ್ಲಿ, ಸ್ಟೇಷನ್ ಎದುರಿನ ಟೇಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ, ರವಿವಾರಕ್ಕೊಮ್ಮೆ ಕ್ಲಾಸು ತಗೊಳ್ಳುತ್ತಾಳೆ. ಸಿನಿಮಾ ಮಾಡಬೇಕು, ಪತ್ರಕರ್ತರಾಗಬೇಕು ಅಂತ ಕನಸು ಕಟ್ಟಿಕೊಂಡ ಹುಡುಗ ಹುಡುಗಿಯರಿಗೆ ಫೋನಿನಲ್ಲೇ ಕಥೆ ಹೇಳೋದನ್ನು ಕಲಿಸುತ್ತಾಳೆ. ವಾಡಿ ಯಾಕಂದರೆ ಸೇಡಂನವರಿಗೂ ಶಹಾಬಾದಿನವರಿಗೂ ರೈಲು ಸಿಗುತ್ತದೆ. ಚಿಂಚೋಳಿಯವರು ಬಸ್ಸು ಹಿಡಿದು ಸೇಡಂಗೆ ಬಂದು ಅಲ್ಲಿಂದ ರೈಲು ಹತ್ತಬೇಕು. ತಡವಾಗಿ ಬಂದು ಬೈಸಿಕೊಳ್ಳೋರು ಅವರೇ.

ಕಲಿಸೋದರಲ್ಲಿ ಅವಳನ್ನು ಮೀರಿಸೋರಿಲ್ಲ, ಅದು ಖರೇ. ಫೋನು ಅಡ್ಡ ಹಿಡೀರಿ. ಕುಂತವರ ಮುಂದ ನೀವೂ ಕುಂದ್ರಿ. ಮಾತು ನಿಂತರ ರೆಕಾರ್ಡ್ ನಿಲ್ಲಿಸಬ್ಯಾಡ್ರಿ, ಮಂದಿ ಸುಮ್ಮನಿದ್ದಾಗನೇ ಭಾಳ ಹೇಳ್ತಾರ. ಎಲ್ಲಕ್ಕಿಂತ ಮೊದಲು ಫೋನಿನ ಕಣ್ಣು ಒರಸ್ರಿ. ಅದಕ್ಕೇ ಅಂತ ತಾಯಿಯ ಹಳೇ ನೂಲಿನ ಸೀರೆ ಹರಿದು ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಟ್ಟಿದ್ದಳು. ಆ ಅರಿವೆ ಮರೆತು ಬಂದವರು ಆ ದಿನ ಬಾಗಿಲ ಹೊರಗೆ.

ಕೊನೆಯದೊಂದು ನಿಯಮ ಇತ್ತು. “ಯಾರನ್ನೂ ಮಾರಿ ತೊಳಿಯಾಕ ಬಿಡಬ್ಯಾಡ್ರಿ. ತೊಳ್ಕೊಂಡು ಬಂದ ಮಾರಿ ಸುಳ್ಳು ಹೇಳ್ತದ.” ಯಾವುದೋ ಶಿಬಿರದಲ್ಲಿ ಹೊರಗಿನಿಂದ ಬಂದಿದ್ದ ಸಾಹೇಬರೊಬ್ಬರು ಇದನ್ನು ಅವಳ ತಲೆಗೆ ತುಂಬಿದ್ದರು. ಅಲ್ಲಿಂದ ಬಂದವಳೇ ತಾಯಿಯನ್ನು ಕೊಟ್ಟಿಗೆಯಲ್ಲೇ ವಿಡಿಯೋ ಹಿಡಿದಳು. ಪೀರಮ್ಮ ಮಾರಿ ತೊಳ್ಕೊಂಡು ಬರ್ತೀನಿ ಅಂದರೂ ಬಿಡಲಿಲ್ಲ. ಆ ಚಿತ್ರ ತೋರಿಸಿದಾಗ, ಕೆನ್ನೆಗೆ ಸೆಗಣಿ ಮೆತ್ತಿದ್ದ ಆ ಮುಖ ನೋಡಿ ಕಲಬುರಗಿಯಲ್ಲಿ ಮಂದಿ ಚಪ್ಪಾಳೆ ತಟ್ಟಿದರು. “ಸೆಗಣಿ ಮಾರೀಲೆ ಊರೂರು ತಿರುಗಿಸಿದ್ಯಲ್ಲೇ ನನ್ನ,” ಅಂತ ಪೀರಮ್ಮ ನಕ್ಕಳು. ಆ ನಗೆಯನ್ನೇ ಮಗಳು ಆಶೀರ್ವಾದ ಅಂತ ತಿಳಿದಳು. ಇಷ್ಟಾಗಿ, ಈ ನಿಯಮ ಕಲಿಸೋ ಮೇಡಂ ತಾನು ಮಾತ್ರ ಪೌಡರ್ ಹಚ್ಚದೆ ಒಂದು ದಿನವೂ ಕ್ಯಾಮೆರಾ ಮುಂದೆ ಕೂತವಳಲ್ಲ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ.

ಶಹಾಬಾದಿನಿಂದ ಮಹೆವಿಶ ಬರುತ್ತಿದ್ದಳು. ಮಾತು ಕಮ್ಮಿ, ನೋಟ ಚೂಪು. ತಂದೆ ಗುಲಾಮ ದಸ್ತಗೀರ ಫರಸಿ ಕಲ್ಲಿಗೆ ಪಾಲಿಶ್ ಮಾಡೋ ಕೆಲಸಗಾರ. ನಮ್ಮ ಮನೆಗಳ ನೆಲಕ್ಕೆ ಹಾಸೋ ಕಲ್ಲು ಅದೇ. ಮಷಿನ್ ತಿರುಗುವಾಗ ನೀರು ಬಿಡುತ್ತಾರೆ, ಕಲ್ಲಿನ ಹಿಟ್ಟು ನೀರಿಗೆ ಕೂಡಿ ಕೆಸರಾಗಿ ಮೈಮೇಲೆಲ್ಲ ಹಾರುತ್ತದೆ. ಸಂಜೆಗೆ ಅದು ಒಣಗಿದಾಗ ಮನುಷ್ಯನ ಹುಬ್ಬು ಸಹಿತ ಬಿಳೀ ಆಗಿರುತ್ತದೆ.

ತಂದೆಯ ಕೆಲಸದ ಬಗ್ಗೆ ಮಹೆವಿಶ ಒಂದು ಚಿತ್ರ ಮಾಡಿ ತಂದಳು. ಅದರಲ್ಲಿ ಗುಲಾಮ ದಸ್ತಗೀರ ಬಿಳೀ ಅಂಗಿ ಹಾಕಿ, ತಲೆ ಬಾಚಿ, ಹೂವಿನ ಪರದೆ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ನೆಟ್ಟಗೆ ಕೂತು ಮಾತಾಡುತ್ತಿದ್ದ.

“ಇದೇನವಾ, ನಿಮ್ಮ ಅಬ್ಬಾಗ ಕನ್ಯಾ ನೋಡಾಕ ಹೊಂಟೀಯೇನು?” ಅಂದಳು ದೇವಿಕಾ. ಕೋಣೆಯೆಲ್ಲ ನಕ್ಕಿತು. ಮಹೆವಿಶನೂ ತಲೆ ತಗ್ಗಿಸಿ ನಕ್ಕಳು. “ಮಷಿನ್ ಹತ್ರ ಹೋಗು. ಅಬ್ಬಾಗ ಹೇಳಲಾರದೆ ತಗಿ.”

ಹುಡುಗಿ ಹಾಗೇ ಮಾಡಿದಳು. ಶೆಡ್ಡಿನ ತಗಡಿನ ಸಂದಿಯಿಂದ ತಗೆದ ಚಿತ್ರ. ಕೆಸರು ಮೆತ್ತಿದ ಮುಖ, ಬಾಯಿ ತೆರೆದು ಉಸಿರು ಬಿಡೋದು, ಮೊಣಕೈಯಿಂದ ಮೂಗು ಒರೆಸೋದು, ಎಲ್ಲ ಇತ್ತು. ನೋಡುತ್ತ ನೋಡುತ್ತ ದೇವಿಕಾಳ ಕಣ್ಣು ತುಂಬಿ ಬಂತು. ನನ್ನ ಕೈಯಲ್ಲಿ ಇಂಥವಳೊಬ್ಬಳು ತಯಾರಾದಳಲ್ಲ ಅಂತ ಎದೆ ಉಬ್ಬಿತು. ಅದರಲ್ಲಿ ಸುಳ್ಳಿಲ್ಲ.

ಚಿತ್ತಾಪುರದ ಒಂದು ಹಾಲ್‌ನಲ್ಲಿ ಎಲ್ಲರ ಚಿತ್ರ ತೋರಿಸಿದರು, ಮನೆಮಂದಿಯನ್ನೂ ಕರೆದಿದ್ದರು. ಗುಲಾಮ ದಸ್ತಗೀರ ಇಸ್ತ್ರಿ ಅಂಗಿ ಹಾಕಿ, ಅತ್ತರು ಹಚ್ಚಿಕೊಂಡು, ಜೋಡಿಗೆ ಶೆಡ್ಡಿನ ಗೆಳೆಯರನ್ನೂ ಕರಕೊಂಡು ಬಂದಿದ್ದ. ಬಿಳೀ ಅಂಗಿಯ ಚಿತ್ರವೇ ಬರುತ್ತದೆ ಅಂತ ತಿಳಿದಿದ್ದ ಪಾಪ. ಪರದೆ ಮೇಲೆ ತನ್ನ ಮುಖ ನೋಡಿದಾಗ ಮೈ ಬಿಗಿಮಾಡಿ ಕೂತ. ಮುಗಿಯುವವರೆಗೂ ಕೂತ. ಮಂದಿ ಎದ್ದು ನಿಂತು ಚಪ್ಪಾಳೆ ತಟ್ಟುವಾಗ ಹೊರಗೆ ಹೋದ.

ಆಮೇಲೆ ಮಹೆವಿಶ ಕ್ಲಾಸಿಗೆ ಬರಲಿಲ್ಲ. ಫೋನು ಎತ್ತಲಿಲ್ಲ. ಕೊನೆಗೊಂದು ದಿನ ವಾಯ್ಸ್ ಮೆಸೇಜ್ ಬಂತು. “ಮೇಡಂ, ನಾ ಫೋನ್ ಹಿಡಿದ್ರ ಸಾಕು, ಅಬ್ಬಾ ಟವೆಲ್ ಮಾರಿ ಮ್ಯಾಲ ಹಾಕ್ಕೋತಾರ್ರಿ. ನಾ ಯಾರಿಗರೆ ಫೋನ್ ಹಚ್ಚಿದ್ರೂ ಹಂಗೇ. ಬೈಯಂಗಿಲ್ಲ. ಬೈದಿದ್ರ ಛಲೋ ಇತ್ತು. ನಾ ಇನ್ನ ಬರಂಗಿಲ್ರಿ.”

ದೇವಿಕಾ ಅದನ್ನು ಮತ್ತೆ ಮತ್ತೆ ಕೇಳಿದಳು. ಒಳ್ಳೇ ಶಿಷ್ಯೆ ಕೈಬಿಟ್ಟು ಹೋದಳು ಅನ್ನೋ ಸಂಕಟ ಒಂದು ಕಡೆ. ಅದಕ್ಕಿಂತ ದೊಡ್ಡದು ಮತ್ತೊಂದು. ಒಬ್ಬ ಮಗಳಿಗೆ ತನ್ನ ತಂದೆಯ ಮುಖ ಕಾಣದ ಹಾಗೆ ಮಾಡಿದ್ದು ತಾನೇ. ಅದನ್ನು ತಿರುಗಿ ಕೊಡಿಸದೆ ಇನ್ನೊಬ್ಬರಿಗೆ ಏನು ಪಾಠ ಹೇಳೋದು?

ತಾಯಿಗೆ ಫೋನು ಹಚ್ಚಿದಳು. “ಯವ್ವಾ, ಅವತ್ತು ಕೊಟ್ಟಿಗ್ಯಾಗ ವಿಡಿಯೋ ತಗೀವಾಗ ನಿನಗ ಸಿಟ್ಟು ಬಂದಿತ್ತೇನು?”

“ಸಿಟ್ಟು ಯಾಕ ಬರ್ತದ,” ಅಂದಳು ಪೀರಮ್ಮ. ಆ ಕಡೆ ಎಮ್ಮೆ ಕೂಗುತ್ತಿತ್ತು. “ಜರಾ ನಾಚಿಕಿ ಬಂತು. ನೀ ಅವಸರದಾಗಿದ್ದಿ, ಅದಕ್ಕ ಸುಮ್ಮನಾದೆ.”

ಮರುದಿನವೇ ದೇವಿಕಾ ಶಹಾಬಾದಿಗೆ ಹೊರಟಳು. ಸ್ಟೇಷನ್ನಿಂದ ಟಂಟಂ ಆಟೋ ಹತ್ತಿದಳು, ಮುಂದೆ ಕಲ್ಲಿನ ಲಾರಿ. ಇಳಿಯುವಾಗ ಕೂದಲು, ಹುಬ್ಬು, ತುಟಿ ಎಲ್ಲ ಧೂಳು. ಗುಲಾಮ ದಸ್ತಗೀರ ಆಗಷ್ಟೇ ಕೆಲಸದಿಂದ ಬಂದು ಸ್ನಾನ ಮಾಡಿ ಕಟ್ಟೆಯ ಮೇಲೆ ಕೂತಿದ್ದ. “ಬರ್ರಿ ಮೇಡಂ, ಕುಂದ್ರಿ. ಮೊದಲು ಕೈಕಾಲು ಮಾರಿ ತೊಳ್ಕೋರಿ,” ಅಂದ. ಮಹೆವಿಶ ತಂಬಿಗೆಯಲ್ಲಿ ನೀರು ತಂದಳು.

“ಇರ್ಲಿ ಚಾಚಾ, ಮೊದಲು ಮಾತಾಡೂಣು,” ಅಂತ ದೇವಿಕಾ ಹಾಗೇ ಕೂತುಬಿಟ್ಟಳು. ಹುಟ್ಟುಗುಣ, ಅವಸರ ಎಲ್ಲಿ ಹೋಗಬೇಕು.

ಗುಲಾಮ ದಸ್ತಗೀರ ದನಿ ಎತ್ತಲಿಲ್ಲ. “ಕೆಸರು ನಂದೇ ಮೇಡಂ, ಕೆಲಸಕ್ಕ ನನಗ ನಾಚಿಕಿಲ್ಲ. ನಮಾಜಿಗೆ ನಿಲ್ಲೋ ಮುಂಚೆ ಮಾರಿ ತೊಳೀತೀನಿ, ಊಟಕ್ಕ ಕುಂದ್ರೋ ಮುಂಚೆ ತೊಳೀತೀನಿ. ನಾಕು ಮಂದಿ ಮುಂದ ಹೋಗೋ ಮುಂಚೆ ತೊಳೀಬಾರದೇನ್ರಿ?” ಮತ್ತೆ ಅಂದ: “ಫೋನ್ ಒರಸಾಕ ಅರಿಬಿ ಕೊಟ್ಟೀರಂತ. ಮಗಳು ದಿನಾ ಒರಸ್ತಿದ್ಲು. ಫೋನಿಗಿರೋ ಮರ್ಯಾದಿ ನನ್ನ ಮಾರಿಗಿಲ್ಲೇನ್ರಿ?”

ಎಂಥವರಿಗೂ ಮರುಮಾತು ಕೊಡೋ ದೇವಿಕಾ ಈ ಸಲ ವಾದಕ್ಕೆ ಇಳಿಯಲಿಲ್ಲ. ನೇರವಾಗಿ ಹೇಳಿದಳು. “ತಪ್ಪು ನಂದು ಚಾಚಾ, ಮಗಳದಲ್ಲ. ಅಕಿ ನಿಮ್ಮನ್ನ ಕುರ್ಚಿ ಮ್ಯಾಲ ಕುಂದರ್ಸಿ ತಗದಿದ್ದು ತಂದಿದ್ಲು. ನಾನೇ ಎಲ್ಲರ ಮುಂದ ನಕ್ಕು ವಾಪಸ್ ಕಳಿಸಿದೆ. ಹೇಳಲಾರದೆ ತಗಿ ಅಂದಾಕೀನೂ ನಾನೇ.”

ಗುಲಾಮ ದಸ್ತಗೀರನಿಗೆ ಇದು ಗೊತ್ತೇ ಇರಲಿಲ್ಲ. ಬಿಳೀ ಅಂಗಿಯ ಅಬ್ಬಾ ಮಗಳಿಗೇ ಪಸಂದ್ ಬರಲಿಲ್ಲ, ಕೆಸರಿನ ಅಬ್ಬಾನೇ ನಾಕು ಮಂದಿಗೆ ತೋರಿಸೋಕೆ ಬೇಕಾದ ಅಂತ ತಿಳಕೊಂಡು ಇಷ್ಟು ದಿನ ಒಳಗೊಳಗೇ ಬೆಂದಿದ್ದ. ಮಗಳ ಕಡೆ ತಿರುಗಿದ. “ಆ ಬಿಳೀ ಅಂಗಿ ವಿಡಿಯೋ ಅದ ಏನು ಬೇಟಾ, ಅಳಿಸಿಬಿಟ್ಟಿಯೇನು?”

“ಅಳಿಸಿಲ್ಲ ಅಬ್ಬಾ,” ಅಂದಳು ಮಹೆವಿಶ. ಓಡಿಹೋಗಿ ಒಳಗಿಂದ ಫೋನು ತಂದಳು.

ಮೂವರೂ ಕಟ್ಟೆಯ ಮೇಲೆ ಕೂತು ನೋಡಿದರು. ನೆಟ್ಟಗೆ ಕೂತ ಮನುಷ್ಯ, ಯಾವ ಕಲ್ಲು ಯಾರ ಮನೆಗೆ ಹೋಯಿತು ಅಂತ ನೆನಪು ಮಾಡಿಕೊಂಡು ಹೇಳುತ್ತ ನಡುನಡುವೆ ಫೋನು ಹಿಡಿದವಳ ಕಡೆ ನೋಡಿ ನಗುತ್ತಿದ್ದ. ಆ ನಗೆ ಮಗಳಿಗೆ ಬಿಟ್ಟರೆ ಯಾರಿಗೂ ಸಿಗುತ್ತಿರಲಿಲ್ಲ. ಕ್ಲಾಸಿನಲ್ಲಿ ಇದೇ ಚಿತ್ರ ನೋಡಿದ್ದ ದೇವಿಕಾ ಆ ನಗೆಯನ್ನು ಕಂಡದ್ದು ಈಗ.

“ನಂದು ಆತು,” ಅಂತ ಗುಲಾಮ ದಸ್ತಗೀರ ಹೆಗಲ ಮೇಲಿದ್ದ ಟವೆಲ್ ತಗೆದು ಪಕ್ಕಕ್ಕಿಟ್ಟ. “ಈಗ ಮೇಡಂದು ತಗಿ ಬೇಟಾ. ಕಲಿಸೋರು ಹೆಂಗಿರ್ತಾರ, ಮಂದಿ ನೋಡ್ಲಿ.”

ಮಹೆವಿಶ ಸೀರೆಯ ತುಂಡು ತಗೆದು ಫೋನಿನ ಕಣ್ಣು ಒರೆಸಿದಳು, ಎತ್ತಿ ಹಿಡಿದಳು. ದೇವಿಕಾಳ ಕೈ ತಾನಾಗೇ ಕೆನ್ನೆಗೆ ಹೋಯಿತು. ಬೆರಳಿಗೆ ಧೂಳು ಹತ್ತಿತು. ಬೇಡ ಅನ್ನಬೇಕು ಅನ್ನಿಸಿತು, ಆದರೆ ಯಾವ ಬಾಯಿಂದ ಅಂದಾಳು? ತನ್ನದೇ ನಿಯಮ. ತಲೆ ತಗ್ಗಿಸಿ ಕೂತಳು.

ಗುಲಾಮ ದಸ್ತಗೀರ ಫೋನಿಗೆ ಕೈ ಅಡ್ಡ ಹಿಡಿದ. “ತಡಿ ಬೇಟಾ, ಇನ್ನಾ ಚಾಲೂ ಮಾಡಬ್ಯಾಡ. ಮೇಡಂ ಮಾರಿ ತೊಳ್ಕೊಂಡು ಬರ್ಲಿ.”

ಮಹೆವಿಶ ಫೋನು ಕೆಳಗಿಟ್ಟು ತಂಬಿಗೆ ಎತ್ತಿದಳು. ದೇವಿಕಾ ಕಟ್ಟೆಯ ಅಂಚಿಗೆ ಬಗ್ಗಿ ಬೊಗಸೆ ಒಡ್ಡಿದಳು. ನೀರಿನ ಜೋಡಿ ಕಣ್ಣೀರೂ ಇಳಿಯಿತು, ಅದನ್ನೂ ಸೇರಿಸಿ ತೊಳಕೊಂಡಳು. ಗುಲಾಮ ದಸ್ತಗೀರ ಆ ಟವೆಲ್ ಎತ್ತಿ ಅವಳ ಕಡೆ ಚಾಚಿದ. ಅವಳು ಮುಖ ಒರೆಸಿಕೊಂಡು ಮುಗಿಸುವವರೆಗೂ ಯಾರೂ ಅವಸರ ಮಾಡಲಿಲ್ಲ.