ಸಿಂದಗಿಯಲ್ಲಿ ಕೊಂಡ ಒಲೆ

ಸಿಂದಗಿಯ ಆ ಖಾನಾವಳಿ ಮುಚ್ಚಿತೆಂಬ ಸುದ್ದಿ ಬಂದ ದಿನ ನಾನು ಬೆಲ್ಲದ ಸಜ್ಜಕ ಮಾಡಿ ಉಂಡೆ. ಇನ್ನೊಬ್ಬರ ಕೇಡಿಗೆ ಹಿಗ್ಗಬಾರದು ಎನ್ನುತ್ತಾರೆ. ಹಾಗೆ ಹೇಳುವವರ ರೊಟ್ಟಿಯನ್ನು ಯಾರೂ ಬೀದಿಗೆ ಒಗೆದಿರುವುದಿಲ್ಲ.

ನನ್ನದನ್ನು ಒಗೆದಿದ್ದರು. ಹರೆಯದಲ್ಲಿ ನಾನು ಅಲ್ಲಿ ರೊಟ್ಟಿ ಬಡಿಯುವ ಕೆಲಸಕ್ಕಿದ್ದೆ. ಒಂದು ಮಧ್ಯಾಹ್ನ ಗಿರಾಕಿಯೊಬ್ಬ ಪಲ್ಯ ಉಪ್ಪಾಯಿತೆಂದು ಕೂಗಾಡಿದ. ಪಲ್ಯ ಮಾಡಿದ್ದು ಖಾನಾವಳಿಯ ಸಾವಕಾರನ ಸ್ವಂತ ತಮ್ಮ. ಆದರೆ ಸಾವಕಾರ ಕರೆದದ್ದು ನನ್ನನ್ನು. ನನ್ನ ಕೈಯಲ್ಲಿದ್ದ ಬಿಸಿ ರೊಟ್ಟಿ ಕಿತ್ತುಕೊಂಡು, ಎಲ್ಲರೆದುರು ಬೀದಿ ನಾಯಿಗೆ ಒಗೆದ.

"ಈಕಿ ಕೈಗುಣಾನ ಹಿಂಗ ಐತ್ರಿ. ಈಕಿ ರೊಟ್ಟಿ ನಾಯಿನೂ ಮೂಸಂಗಿಲ್ಲ" ಅಂದ.

ಗಿರಾಕಿಗಳು ನಕ್ಕರು. ನಾಯಿ ಮಾತ್ರ ರೊಟ್ಟಿಯನ್ನು ಪೂರ್ತಿ ತಿಂದು ಬಾಲ ಅಲ್ಲಾಡಿಸಿತು. ಅಷ್ಟು ಜನರಲ್ಲಿ ನನ್ನ ಪರ ಸಾಕ್ಷಿ ಹೇಳಿದ್ದು ಅದೊಂದೇ. ನಾನು ಕೈ ತೊಳೆದು ಇಂಡಿ ಊರಿನ ಬಸ್ಸು ಹತ್ತಿದೆ.

ಈಗ ಇಂಡಿಯಲ್ಲಿ ನನ್ನದೇ ಖಾನಾವಳಿ ಇದೆ. ಗ್ಯಾಸಿನ ಖರ್ಚು ತಾಳಲಾರದೆ ಪೆಲೆಟ್ ಒಲೆ ಹುಡುಕುತ್ತಿದ್ದೆ. ತೊಗರಿ ಕಟ್ಟಿಗೆ, ಕಬ್ಬಿನ ಸಿಪ್ಪೆ ಪುಡಿ ಮಾಡಿ ಬೆರಳುಗಾತ್ರಕ್ಕೆ ಒತ್ತಿದ ತುಂಡುಗಳನ್ನು ಸುಡುವ ಒಲೆ ಅದು. ಕೆಳಗೊಂದು ಸಣ್ಣ ಫ್ಯಾನು ಗಾಳಿ ಊದುತ್ತದೆ. ಝಳಕಿಯ ಧಾಬಾದಲ್ಲಿ ನೋಡಿ ಮನಸ್ಸಾಗಿತ್ತು, ಹೊಸದು ಕೈಗೆಟುಕುವಂತಿರಲಿಲ್ಲ. ಅಷ್ಟರಲ್ಲಿ ನಮಗೆ ಹಿಟ್ಟು ತಂದುಕೊಡುವ ಟೆಂಪೊದವನು, ಸಿಂದಗಿಯ ಅದೇ ಸಾವಕಾರ ತನ್ನ ಒಲೆ ಮಾರುತ್ತಿದ್ದಾನೆ ಎಂದ. ಅವನ ಟೆಂಪೊದಲ್ಲೇ ಹೊರಟೆ. ನಿಜ ಹೇಳುತ್ತೇನೆ, ಕೊಳ್ಳಲು ಹೋಗಲಿಲ್ಲ. ಒಂದೊಂದೇ ಹುಳುಕು ಎತ್ತಿ ಆಡಿ, ಓಣಿಯವರು ಕೇಳುವಂತೆ ಸಾವಕಾರನ ಮರ್ಯಾದೆ ತೆಗೆದು, ಒಲೆ ಬೇಡವೆಂದು ಎದ್ದು ಬರಲು ಹೋದೆ.

ಸಾವಕಾರ ನನ್ನ ಗುರುತು ಹಿಡಿಯಲಿಲ್ಲ. ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

"ಬರ್ರಿ ಅಕ್ಕಾರ, ಹೊಸಾದ್ದರಂಗ ಐತಿ ನೋಡ್ರಿ" ಎಂದು ಹಿತ್ತಲಲ್ಲಿ ಒಲೆಗೆ ಹೊದಿಸಿದ್ದ ತಾಡಪತ್ರಿ ಸರಿಸಿದ.

ಒಲೆಗೆ ಕಪ್ಪು ಬಣ್ಣ ಬಳಿದಿತ್ತು. ಹೊರಗೆ ಬಸಪ್ಪ ಒಳಗೆ ವಿಷಪ್ಪ, ಧಣಿಯಂತೆಯೇ ಒಲೆ ಎಂದುಕೊಂಡು ಸೆರಗು ಬಿಗಿದು ಕೂತೆ. ಬಣ್ಣದಡಿ ತುಕ್ಕಿದೆಯೇ ಎಂದು ಮೊಳೆಯಿಂದ ಕೆರೆದೆ. ತಗಡು ಗಟ್ಟಿಯಾಗಿತ್ತು. ಒಳಗೆ ಕೈ ಹಾಕಿ ಜಾಲರಿ ತಡವಿದೆ, ಎಲ್ಲೂ ಸುಟ್ಟು ಬಾಗಿರಲಿಲ್ಲ. ಗಾಳಿಯ ತೂತುಗಳಲ್ಲಿ ಬೂದಿ ಕಟ್ಟಿರಲಿಲ್ಲ. ಫ್ಯಾನಾದರೂ ಕೈ ಕೊಟ್ಟೀತೆಂದು ಹಚ್ಚಿದೆ, ಗರ್ ಎನ್ನದೆ ತಿರುಗಿತು. ಹಾಳಾದ ಒಲೆ ಚೆನ್ನಾಗಿಯೇ ಇತ್ತು.

"ಉರಿ ನೋಡದ ತಗೊಳ್ಳಂಗಿಲ್ಲ. ರೊಟ್ಟಿ ಮಾಡಿ ನೋಡ್ತೇನಿ" ಅಂದೆ.

ಉರಿಯ ಹುಳುಕು ತೋರಿಸಲೆಂದೇ ಹಿಟ್ಟು, ಹಂಚು ಚೀಲದಲ್ಲಿ ತಂದಿದ್ದೆ. ಬಿಸಿನೀರು, ಪೆಲೆಟ್ ಅವನ ಮನೆಯಿಂದ ಬಂದವು. ಹೊಗೆಯಿಲ್ಲದ ಉರಿ ಹಂಚಿನ ತಳಕ್ಕೆಲ್ಲ ಸಮನಾಗಿ ಹತ್ತಿತು. ರೊಟ್ಟಿ ಬಡಿಯುತ್ತಿದ್ದಂತೆ ಏನು ಮಾಡಬೇಕೆಂಬುದು ಹೊಳೆಯಿತು. ಉಬ್ಬಿದ ಮೊದಲ ರೊಟ್ಟಿಯನ್ನು ಎತ್ತಿ, ಅವನ ಕಣ್ಣಲ್ಲಿ ಕಣ್ಣಿಟ್ಟು, ಹಿತ್ತಲ ಬಾಗಿಲಲ್ಲಿ ನಿಂತಿದ್ದ ನಾಯಿಗೆ ಒಗೆದೆ. ಈಗ ನೆನಪಾಗಲಿ ಎಂದು ಕಾದೆ.

ಅವನು ಎರಡೂ ಕೈ ಜೋಡಿಸಿದ.

"ಛಲೋ ಮಾಡಿದ್ರಿ ಅಕ್ಕಾರ. ಒಲಿ ಮನಿ ಬದಲ ಮಾಡೂ ಮುಂದ ಮೊದಲ ರೊಟ್ಟಿ ಮೂಕಪ್ರಾಣಿಗೇ ಹೋಗಬೇಕು. ನಮ್ಮವ್ವನೂ ಹಂಗ ಮಾಡತಿದ್ಲು."

ನಮ್ಮವ್ವನೂ ಹಾಗೆಯೇ ಮಾಡುತ್ತಿದ್ದಳು. ಸಿಟ್ಟಿನ ಭರದಲ್ಲಿ ನಾನು ಆ ಪದ್ಧತಿ ಮರೆತಿದ್ದೆ. ನಾನು ಮಾಡಿದ ಅವಮಾನ ಅವನ ಕಣ್ಣಿಗೆ ಪುಣ್ಯವಾಗಿ ಕಂಡಿತ್ತು. ಇನ್ನು ಒಲೆ ಬೇಡವೆನ್ನಲು ಬಾಯಿಯೂ ಇರಲಿಲ್ಲ, ಒಲೆಯಲ್ಲಿ ದೋಷವೂ ಇರಲಿಲ್ಲ. ಸೋತವಳಂತೆ ಅವನು ಕೇಳಿದಷ್ಟು ಕೊಟ್ಟೆ.

ವ್ಯವಹಾರ ಮುಗಿದ ಖುಷಿಗೋ, ವಾಸನೆಗೋ, ಅವನು ಒಲೆಯ ಹತ್ತಿರ ಸರಿದು ಕೂತ. "ಎರಡನೇದು ನನಗ ಕೊಡ್ರಿ ಅಕ್ಕಾರ" ಎಂದ. ಹಂಚಿನ ಮುಂದೆ ಕೂತು ರೊಟ್ಟಿ ಕೇಳಿದವರಿಗೆ ಇಲ್ಲ ಎನ್ನುವಂತಿಲ್ಲ, ಅವರು ಎಂಥವರೇ ಇರಲಿ. ಬಡಿದು ಕೊಟ್ಟೆ. ಹಚ್ಚಿಕೊಂಡು ತಿನ್ನಲು ನನ್ನ ಡಬ್ಬಿಯಲ್ಲಿದ್ದ ಶೇಂಗಾ ಹಿಂಡಿಯ ಪುಡಿಯನ್ನೂ ಹಾಕಿದೆ. ಅವನು ಮುರಿದು ಬಾಯಿಗಿಟ್ಟು ಕಣ್ಣು ಮುಚ್ಚಿದ.

"ಇಂಥಾ ರೊಟ್ಟಿ ನಮ್ಮ ಖಾನಾವಳ್ಯಾಗ ಆಗಿದ್ದರ, ಅದನ್ನ ಮುಚ್ಚೂ ಪಾಳಿ ಬರ್ತಿರಲಿಲ್ರಿ."

"ಆಗಿತ್ರಿ ಸಾವಕಾರ್ರ" ಅಂದೆ. "ನೀವ ಅದನ್ನ ನಾಯಿಗೆ ಒಗೆದ್ರಿ."

ಅವನ ದವಡೆ ನಿಂತಿತು. ನನ್ನ ಮುಖ ನೋಡಿದ, ಹಿಟ್ಟು ಮೆತ್ತಿದ ಕೈ ನೋಡಿದ. ತುತ್ತು ಉಗುಳಲೂ ಆಗದೆ ನುಂಗಲೂ ಆಗದೆ ಕೂತ. ಅವನು ನುಂಗುವವರೆಗೂ ನಾನು ಕಾದೆ. ಆಮೇಲೆ ಫ್ಯಾನು ಆರಿಸಿ, ಒಲೆ ಹೊರಲು ಟೆಂಪೊದವನನ್ನು ಕರೆದೆ.