ಸಬೂರಿ ಅಲ್ಲ ಆ ಮಾತು

ಆ ಪದದ ಅರ್ಥವನ್ನು ನಾನು ಬೇಕಂತಲೇ ತಪ್ಪು ಹೇಳಿದೆ. ಅದು ಅನುವಾದದ ಎಡವಟ್ಟು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ — ಇಂಗ್ಲಿಷಿನಲ್ಲಿ ಎಂ.ಎ. ಮಾಡಿದವಳಿಗೆ ಅಂಥ ಎಡವಟ್ಟು ಆಗುವುದಿಲ್ಲ.

ಗೋಗಿ ಹತ್ತಿರದ ನಮ್ಮೂರಿಗೆ ಕಾಲುವೆ ನೀರು ಬಂದ ಹೊಸತು. ನಮ್ಮಪ್ಪನ ಹೊಲ ಕಾಲುವೆಯ ಮೇಲಿನ ತುದಿಗೆ. ನನ್ನನ್ನು ತಂಗಿ ಎಂದೇ ಕರೆಯುತ್ತಿದ್ದ ಊರಿನ ಮಲ್ಲಮ್ಮಕ್ಕನದು ತೀರ ಕೊನೆಗೆ. ನೀರು ನಂಬಿ ಆಕೆ ಕುರಿ ಮಾರಿದ್ದಳು, ಹೊಲ ಸಮ ಮಾಡಿಸಿ ಮೊದಲ ಸಲ ಭತ್ತದ ಸಸಿ ಹಚ್ಚಿದ್ದಳು. ಮೇಲಿನವರು ನಾವು ತೂಬು ಮುಚ್ಚಲೇ ಇಲ್ಲ. ಕೊನೆಯ ಹೊಲಗಳು ಬಿರುಕು ಬಿಟ್ಟವು, ಜಗಳವಾಯಿತು, ವಿಚಾರಿಸಲು ಅಧಿಕಾರಿಯೊಬ್ಬರು ಬಂದರು. ಹೊರರಾಜ್ಯದವರು, ಕನ್ನಡ ಬಾರದು. ಅವರ ಮಾತು ಕನ್ನಡಕ್ಕೆ ತಿರುಗಿಸಿ ಹೇಳಲು ನಾನು ನಿಂತೆ.

ಅವರ ಮುಖ ನೆನಪಿಲ್ಲ. ಜನ ಕೂತದ್ದು ಗುಡಿಕಟ್ಟೆಯ ಮೇಲೋ, ಬೇವಿನ ಕೆಳಗೋ — ನೆನಪನ್ನು ನಾನು ಅಷ್ಟು ನಂಬುವವಳಲ್ಲ. ಆದರೆ ಆ ಪದ ನೆನಪಿದೆ. ರಿಸ್ಟ್ರೇಂಟ್. ಮೇಲಿನ ಹೊಲದವರು ರಿಸ್ಟ್ರೇಂಟ್ ತೋರಿಸಬೇಕು ಎಂದರು. ಅಪ್ಪ ನನ್ನನ್ನೇ ನೋಡುತ್ತಿದ್ದ. ನಾನು ಕೊನೆಯ ಹೊಲದವರ ಕಡೆ ತಿರುಗಿದೆ.

"ಸಾಹೇಬ್ರು ಸಬೂರಿ ಮಾಡ್ರಿ, ಇನ್ನಷ್ಟು ಕಾಯ್ರಿ ಅನ್ನಾಕತ್ಯಾರ."

ಮಲ್ಲಮ್ಮಕ್ಕ ಸುಮ್ಮನಿರಲಿಲ್ಲ. "ಅಲ್ಲವ್ವಾ ತಂಗಿ, ಅವ್ರು ಕೈ ಮಾಡಿದ್ದು ಮ್ಯಾಲಿನ ಕಡಿ, ನೀ ಹೇಳಾಕತ್ತಿದ್ದು ನಮಗ?"

"ಇಂಗ್ಲಿಷದಾಗ ಹಂಗ ಇರ್ತದಕ್ಕಾ."

ಜನ ನಕ್ಕರು. ಆಕೆಯೂ ನಕ್ಕಳು. "ಇಂಗ್ಲಿಷ್ ಭಾಳ ಸೊಟ್ಟ ಅದ ಬಿಡು!"

ಸಬೂರಿ ಮಾಡಿದರು. ದೂರು ಕೊಡಬೇಕೆಂದಿದ್ದವರೂ ಕಾದರು. ಭತ್ತ ಒಣಗಿತು. ಮರುವರ್ಷ ಮಲ್ಲಮ್ಮಕ್ಕ ನಮ್ಮ ಗದ್ದೆಯ ಕೆಸರಿನಲ್ಲಿ ಕೂಲಿಗೆ ಸಸಿ ಹಚ್ಚುತ್ತಿದ್ದಳು. ಒಂದು ದಿನ ಸೊಂಟ ನೆಟ್ಟಗೆ ಮಾಡಿ ಕೇಳಿದಳು: "ಸಬೂರಿಗಿ ಇಂಗ್ಲಿಷದಾಗ ಅವತ್ತು ಏನಂದ್ರು? ಮಗಳಿಗಿ ಕಲಿಸ್ತೀನಿ." ರಿಸ್ಟ್ರೇಂಟ್ ಎಂದು ಹೇಳಿದೆ. ಮಗಳು ಶಾಲೆಯಲ್ಲಿ ಅದನ್ನೇ ಒಪ್ಪಿಸಿದಾಗ ಮಾಸ್ತರರು ತಪ್ಪು ಎಂದರಂತೆ. ಮಲ್ಲಮ್ಮಕ್ಕ ಶಾಲೆಗೇ ಹೋಗಿ ಜಗಳ ತೆಗೆದಳು: "ನಮ್ಮ ತಂಗಿ ಎಂ.ಎ. ಕಲ್ತಾಳ್ರೀ, ಆಕಿಗಿಂತ ನಿಮಗ ಜಾಸ್ತಿ ಗೊತ್ತೇನ್ರಿ?"

ಊರಿನ ಮುಂದೆ ಹೇಳಿದ ಸುಳ್ಳಿಗಿಂತ ಇದು ನನ್ನನ್ನು ಹೆಚ್ಚು — ಇರಲಿ. ನನ್ನ ಸಂಕಟ ಇಲ್ಲಿ ಮುಖ್ಯವಲ್ಲ.

ಆ ಪದದ ಅರ್ಥ ಇದು: ಕೈಯಲ್ಲಿ ಬಲವಿದ್ದೂ ಕೈ ತಡೆದುಕೊಳ್ಳುವುದು. ತೂಬು ಯಾರ ಕೈಯಲ್ಲಿದೆಯೋ ಅವರಿಗೆ ಮಾತ್ರ ಸಲ್ಲುವ ಮಾತು. ತೂಬೇ ಇಲ್ಲದವಳು ಏನನ್ನು ತಡೆದುಕೊಳ್ಳಬೇಕು? ಆಕೆಗೆ ಉಳಿಯುವುದು ಕಾಯುವುದಷ್ಟೇ. ನಾನು ನಮ್ಮ ಪಾಲಿನ ಮಾತನ್ನು ಅವಳ ತಲೆಗೆ ಹೊರಿಸಿದೆ.

ಇಷ್ಟು ವರ್ಷಗಳ ಮೇಲೆ ಇದನ್ನೆಲ್ಲ ಊರಿನ ನಾಳೆಯ ನೀರು ಹಂಚಿಕೆಯ ಸಭೆಯಲ್ಲಿ ಹೇಳುತ್ತೇನೆ ಎಂದಾಗ ಅಣ್ಣ ಸಿಡಿದ. "ಸತ್ತ ಅಪ್ಪನ ಹೆಸರ ಯಾಕ ಕೆಡಸ್ತಿ? ಕಲ್ತಾಕಿ ಇದ್ದಿ, ಸ್ವಲ್ಪ ಸಂಯಮ ಇರಲಿ."

ಅವನು ಕೇಳುತ್ತಿರುವುದು ಸಂಯಮವಲ್ಲ, ಬಾಯಿ ಮುಚ್ಚುವುದು. ಎರಡರ ನಡುವಿನ ಅಂತರ ಈ ಊರಿನಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ತಿಳಿದಿರಲಾರದು. ನಮ್ಮ ಹೊಲದ ನೀರಿಗಾಗಿ ಅಂಥ ಅಂತರವನ್ನೇ ಮಾರಿಕೊಂಡವಳು ನಾನು. ಅಪ್ಪ ನನ್ನ ಬಾಯಿ ಹಿಡಿದಿರಲಿಲ್ಲ, ಬರೀ ನೋಡಿದ್ದ. ಹೇಳಿದ ನಾಲಿಗೆ ನನ್ನದು. ಮನೆತನ, ಮರ್ಯಾದೆ — ಯಾವುದಕ್ಕೂ ಇನ್ನು ಅದನ್ನು ಕಟ್ಟಿಹಾಕುವುದಿಲ್ಲ.

ಸಭೆಗೆ ಮೊದಲು ಮಲ್ಲಮ್ಮಕ್ಕನ ಮನೆಗೆ ಹೋಗುತ್ತೇನೆ. ಆಕೆ ಕೂಗಾಡಲಿ, ಓಣಿ ಕೂಡಿಸಲಿ, ಬಾಗಿಲು ಹಾಕಿಕೊಳ್ಳಲಿ. ಸಬೂರಿ ಮಾಡು ಎಂದು ಮಾತ್ರ ಆಕೆಗೆ ಇನ್ನೊಮ್ಮೆ ಹೇಳುವುದಿಲ್ಲ.